ಸಿಹಿಯಾದ ಕಷಾಯ

ಕಷಾಯದ ಬಟ್ಟಲನ್ನು ತುಟಿಗಿಟ್ಟ ತಾನ್ ಸುಯುನ್ ಒಂದೇ ಗುಟುಕಿಗೆ ಕೆಳಗಿಟ್ಟಳು. ಸಿಹಿ! ಹಾಸಿಗೆ ಹಿಡಿದಿದ್ದ ಮುದುಕಿಯ ಎದೆ ಧಸಕ್ಕೆಂದಿತು.

ಎನ್ನದೆ ಏನು ಮಾಡೀತು? ಚೀನಾದ ಸಿಚುವಾನಿನ ಒಂದು ಪೇಟೆಯಲ್ಲಿ, ಗಂಡನ ಮದ್ದಿನಂಗಡಿಯಲ್ಲಿ ನಲವತ್ತು ವರ್ಷ ಬೇರು ತೊಳೆದು, ಹೆಚ್ಚಿ, ಒಣಗಿಸಿದ ಹೆಂಗಸು ಅವಳು. ಆ ಮನೆಯ ರೂಢಿ ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಇನ್ನು ಉಳಿಯುವುದಿಲ್ಲ ಎನ್ನಿಸಿದ ರೋಗಿಗೆ ಗಂಡ ಕಹಿಬೇರುಗಳನ್ನೆಲ್ಲ ನಿಲ್ಲಿಸಿ ಜ್ಯೇಷ್ಠಮಧು, ಒಣಗಿದ ಎಲಚಿಹಣ್ಣು, ಒಂದು ಹಿಡಿ ಗೋಧಿ ಕೊಡುತ್ತಿದ್ದ. ಹೋಗುವವರ ಬಾಯಾದರೂ ಸಿಹಿಯಾಗಿರಲಿ ಎಂದು. "ಈ ಸಲದ ಮದ್ದು ಬಾಳ ರುಚಿ, ವೈದ್ಯರೇ!" ಎಂದು ಆ ಪಾಪದ ಜನ ಹಿಗ್ಗುತ್ತಿದ್ದರೆ ಇವಳು ತಲೆ ತಗ್ಗಿಸಿ ಪೊಟ್ಟಣ ಕಟ್ಟುತ್ತಿದ್ದಳು. ಒಬ್ಬರಿಗಾದರೂ ನಿಜ ಹೇಳಿದ್ದಳೇ? ಇಲ್ಲ.

ಈಗ ಗಂಡನ ಕುರ್ಚಿಯಲ್ಲಿ ಮಗ ಬೊವೆನ್ ಕೂತಿದ್ದಾನೆ.

"ಲೋ ಬೊವೆನ್, ಏನೋ ಇದು?"

"ಮದ್ದು ಕಣಮ್ಮ. ಹೊಟ್ಟೆಗೆ ಹಿತವಾಗಿರುತ್ತೆ, ಕುಡಿ."

"ಹಿತವಂತೆ! ಯಾರ ಹತ್ರ ಆಡ್ತೀಯೋ ನಾಟಕ? ನಾನು ಕಟ್ಟದೇ ಇರೋ ಪೊಟ್ಟಣಾನೇನೋ ಇದು? ಅಮ್ಮನ ಆಸೆ ಬಿಟ್ಟೆ ಅಂತ ಬಾಯಿಬಿಟ್ಟು ಹೇಳೋಕೂ ಆಗಲ್ವಾ ನಿಂಗೆ?"

"ಹಂಗಲ್ಲಮ್ಮ..."

"ಹಂಗೂ ಬೇಡ, ಹಿಂಗೂ ಬೇಡ. ನಂಗಿನ್ನೂ ಬದುಕ್ಬೇಕು ಕಣೋ! ನಿನ್ನೆವರೆಗೂ ಕೊಡ್ತಿದ್ಯಲ್ಲ, ಆ ಕಹಿ ಮದ್ದೇ ಕೊಡು. ಹೋಗು, ಕುದಿಸ್ಕೊಂಡು ಬಾ."

ಬೊವೆನ್ ಬಟ್ಟಲೆತ್ತಿಕೊಂಡು ಅಡುಗೆಮನೆಗೆ ಹೋದ. ಸುಯುನ್‌ಗೆ ಹೋದ ಜೀವ ಬಂದಂತಾಯಿತು. ಬೈದದ್ದೇ ಒಳ್ಳೆಯದಾಯಿತು. ಮಗನಿಗೆ ಕೈಗುಣವಿದೆ, ಧೈರ್ಯ ಸಾಲದು ಅಷ್ಟೇ. ಇನ್ನೆರಡು ತಿಂಗಳು ಬಿಡದೆ ಕುಡಿದರೆ ಎದ್ದು ಓಡಾಡಿಯೇನು ಎಂದುಕೊಂಡಳು.

ಒಂದು ಗಂಟೆ ಕಳೆದ ಮೇಲೆ ಅವನು ಹಬೆಯಾಡುವ ಬಟ್ಟಲು ತಂದುಕೊಟ್ಟ. ನಾಲಿಗೆಗೆ ತಾಗಿದ್ದೇ ತಡ, ಅಬ್ಬಾ, ಎಂಥ ಕಹಿ! ಸುಯುನ್ ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಎರಡನೆಯ ಗುಟುಕನ್ನು ಬಾಯಲ್ಲೇ ಹೊರಳಿಸಿದಳು. ಹುವಾಂಗ್‌ಲಿಯನ್ ಬೇರು, ಅಂಗಡಿಯಲ್ಲೆಲ್ಲ ಅದಕ್ಕಿಂತ ಕಹಿ ಇನ್ನೊಂದಿಲ್ಲ. ಸರಿ. ಅದರ ಜೊತೆಗೆ ನಿನ್ನೆಯವರೆಗೂ ಇದ್ದ ಶುಂಠಿಯ ಖಾರ ಎಲ್ಲಿ? ಕಿತ್ತಳೆ ಸಿಪ್ಪೆಯ ಘಮ ಎಲ್ಲಿ? ಮೂರನೆಯ ಗುಟುಕಿನಲ್ಲೂ ಸಿಗಲಿಲ್ಲ. ಹನ್ನೊಂದು ಬೇರುಬಿತ್ತಗಳ ಮದ್ದಿನಲ್ಲಿ ಹತ್ತು ಇರಲೇ ಇಲ್ಲ. ಹಟ ಹಿಡಿದ ಮುದುಕಿಯನ್ನು ಸುಮ್ಮನಾಗಿಸಲು ಮಗ ಬರೀ ಕಹಿಯನ್ನು ಕುದಿಸಿ ತಂದಿದ್ದ.

"ಕಹಿ ಇದೆಯೇನಮ್ಮ?" ಬೊವೆನ್ ಅವಳ ಮುಖವನ್ನೇ ನೋಡುತ್ತಿದ್ದ.

"ಇದೆ ಕಣಪ್ಪ," ಎಂದು ಸುಯುನ್ ಉಳಿದದ್ದನ್ನೂ ಕುಡಿದಳು.