ಶಿಲಾಸುರನಿಗೆ ಎದೆ ಬೆಳೆಸಿದ ಬೆಂಚು

ನಾನು ಒಂದು ಬೆಂಚು. ಶಾಲೆಯದಲ್ಲ, ಬಸ್ ನಿಲ್ದಾಣದ್ದೂ ಅಲ್ಲ. ಎದೆ ಬೆಳೆಸಬೇಕೆನ್ನುವವರು ಅಂಗಾತ ಮಲಗಿ ಕಬ್ಬಿಣ ಎತ್ತುವ ಬೆಂಚು. ತುಮಕೂರಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ, ಯಾರದೋ ಮನೆಯ ಗೇಟಿಗೆ ಹಾಕಿ ಉಳಿದ ಪೈಪುಗಳಿಂದ ಹುಟ್ಟಿದೆ. ಮೇಲೆ ಕೆಂಪು ರೆಕ್ಸಿನ್ ಹೊದಿಸಿದರು. ನನ್ನ ಬೆನ್ನಿಗೊಂದು ಕೀಲಿದೆ. ಅದನ್ನು ಸರಿಸಿದರೆ ಚಪ್ಪಟೆಯಾಗಿ ಮಲಗಬಲ್ಲೆ, ಇಳಿಜಾರಾಗಿ ಅರ್ಧ ಏಳಲೂ ಬಲ್ಲೆ. ಅಷ್ಟು ಬಾಗುವ ಬೆನ್ನು ನನ್ನ ಮೇಲೆ ಮಲಗಿದ ಎಷ್ಟೋ ಜನರಿಗೆ ಇರಲಿಲ್ಲ.

ನನ್ನ ಮೊದಲ ಮನೆ ಉಸ್ತಾದ್ ಗಂಗಹನುಮಯ್ಯನವರ ವ್ಯಾಯಾಮ ಶಾಲೆ. ಅಲ್ಲಿ ಸೋಮವಾರ ಬಂತೆಂದರೆ ಎಲ್ಲರಿಗೂ ಎದೆಯ ದಿನ. ನನ್ನ ಮುಂದೆ ನ್ಯಾಯಬೆಲೆ ಅಂಗಡಿಯಂತೆ ಸಾಲು. ಕಾಲಿನ ವ್ಯಾಯಾಮದ ಯಂತ್ರ ಮೂಲೆಯಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು. ಅದನ್ನು ಕಂಡು ಪಾಪ ಅನಿಸುತ್ತಿತ್ತು, ಒಳಗೊಳಗೇ ಜಂಬವೂ ಆಗುತ್ತಿತ್ತು.

ಒಂದು ದಿನ ರಂಗಧಾಮ ಬಂದು ಮಲಗಿದ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವನು. ಎಷ್ಟು ಹಗುರವಾಗಿದ್ದನೆಂದರೆ, ಯಾರೋ ಟವಲ್ ಹಾಕಿ ಸೀಟು ಹಿಡಿದಿದ್ದಾರೆಂದುಕೊಂಡೆ.

"ಏನಪ್ಪಾ ಬೇಕಾಗಿತ್ತು?" ಎಂದರು ಉಸ್ತಾದರು.

"ಎದೆ ಬೇಕು ಸಾರ್. ಯುಗಾದಿ ಕಳೆದ್ಮೇಲೆ ನಾಟ್ಕ ಐತೆ. ಶಿಲಾಸುರನ ಪಾರ್ಟು ನಂದು."

ನಮ್ಮ ಕಡೆ ಅಂಗಡಿಯವರು, ಗುಮಾಸ್ತರು, ಎಲ್ಲರೂ ವರ್ಷಕ್ಕೊಮ್ಮೆ ಕಿರೀಟ ಇಟ್ಟುಕೊಳ್ಳುವವರೇ. ರಂಗಧಾಮನ ಅಪ್ಪ ಚಿಕ್ಕರಂಗಪ್ಪ ಹಿಂದೆ ಇದೇ ರಾಕ್ಷಸನ ಪಾತ್ರ ಮಾಡಿದ್ದ. ಅವನು ಎದೆ ತಟ್ಟಿ ಘರ್ಜಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗಿ ಮತ್ತೆ ತಟ್ಟಿಸುತ್ತಿದ್ದರಂತೆ. ಸಂತೆಯಲ್ಲಿ ಈಗಲೂ ಅವನನ್ನು ಶಿಲಾಸುರ ಎಂದೇ ಕರೆಯುತ್ತಾರೆ. ಮಗನಿಗೆ ಆ ಪಾತ್ರ ಸಿಕ್ಕಿದಾಗ ಅಪ್ಪ ಹೇಳಿದ್ದಿಷ್ಟೆ: "ನೀನು ಎದೆ ತಟ್ಟಿದ್ರೆ ಪಕ್ಕದ್ಮನೆ ಬಾಗ್ಲು ತಟ್ಟಿದಂಗಿರ್ತದೆ. ಬೇರೆ ಪಾರ್ಟ್ ಇಸ್ಕೊ." ಮಗನಿಗೆ ಅದು ಚುಚ್ಚಿತ್ತು. ಮುಂದಿನ ಸಾಲಿನಲ್ಲಿ ಕೂರುವ ಅಪ್ಪ ಒಮ್ಮೆ ತಲೆದೂಗಿದರೆ ಅವನಿಗೆ ಸಾಕಾಗಿತ್ತು.

ರಂಗಧಾಮ ಮೊದಲ ದಿನವೇ ದೊಡ್ಡ ತೂಕಕ್ಕೆ ಕೈ ಹಾಕಿದ. ರಾಡು ಎದೆಯವರೆಗೆ ಸಲೀಸಾಗಿ ಇಳಿಯಿತು, ಮತ್ತೆ ಏಳಲಿಲ್ಲ. ಉಸ್ತಾದರು ಬಂದು ಎತ್ತಬೇಕಾಯಿತು.

"ಎದೆ ಅನ್ನೋದು ಒಂದೇ ತುಂಡಲ್ಲ ಕಣಪ್ಪ," ಎಂದರು. "ಮೊದ್ಲು ನೆಲದ ಮೇಲೆ ದಂಡ ಹೊಡಿ. ಆಮೇಲೆ ಬೆಂಚು ಇಳಿಜಾರು ಮಾಡ್ಕೊಂಡು ಡಂಬೆಲ್ ಎತ್ತು, ಮೇಲಿನ ಎದೆ ತುಂಬ್ತದೆ. ಚಪ್ಪಟೆ ಬೆಂಚಲ್ಲಿ ರಾಡು ಎತ್ತೋದು ಅದಾದ್ಮೇಲೆ. ಇಳಿಸುವಾಗ ನಿಧಾನ ಇರ್ಲಿ. ಒಂದಿನ ಎತ್ತಿದ್ರೆ ಎರಡು ದಿನ ಬಿಡು. ಎದೆ ಬೆಳೆಯೋದು ಎತ್ತುವಾಗಲ್ಲ, ಮನೇಲಿ ನಿದ್ದೆ ಮಾಡುವಾಗ."

ಅವನು ಹೇಳಿದಂತೆ ಕೇಳಿದ. ದಿನ ಕಳೆದಂತೆ ಅವನ ಬೆನ್ನು ನನ್ನ ಮೇಲೆ ಭಾರವಾಗತೊಡಗಿತು. ನನಗೆ ನಿಜಕ್ಕೂ ಖುಷಿಯಾಗುತ್ತಿತ್ತು.

ನಾಟಕದ ಹಿಂದಿನ ದಿನ ಜರಿ ಕವಚ ತೊಟ್ಟು ನೋಡಿದನಂತೆ. ಅಪ್ಪನ ಅಳತೆಗೆ ಹೊಲಿದದ್ದು, ಇನ್ನೂ ಜೋಲುತ್ತಿತ್ತು. ಗಾಬರಿಯಿಂದ ಓಡಿ ಬಂದ. ಉಸ್ತಾದರು ಊಟಕ್ಕೆ ಹೋಗಿದ್ದರು. "ಎಲ್ಲಾನೂ ಒಳ್ಳೇದೇ ಅಂದ್ಮೇಲೆ ಎಲ್ಲಾನೂ ಮಾಡಿದ್ರೆ ಇನ್ನೂ ಒಳ್ಳೇದಲ್ವಾ," ಎಂದು ತನಗೆ ತಾನೇ ಹೇಳಿಕೊಂಡ. ದಂಡ ಹೊಡೆದ, ಇಳಿಜಾರಿನಲ್ಲಿ ಎತ್ತಿದ, ಚಪ್ಪಟೆಯಲ್ಲಿ ಎತ್ತಿದ, ಡಂಬೆಲ್ ಹಿಡಿದು ಹದ್ದಿನಂತೆ ಕೈ ಅಗಲಿಸಿದ, ಮತ್ತೆ ಮೊದಲಿನಿಂದ ಶುರು ಮಾಡಿದ. ಅತಿ ಆಸೆ ಗತಿಗೇಡು ಎಂದು ಹೇಳಲು ನನಗೆ ಬಾಯಿಲ್ಲ. ಕೀಲನ್ನು ಕಿರುಗುಟ್ಟಿಸಿದೆ, ಅವನು ಎಣ್ಣೆ ಬಿಟ್ಟ.

ಮರುದಿನ ಬೆಳಿಗ್ಗೆ ನಾನೂ ರಂಗ ಏರಿದೆ. ಮಹಾರಾಜನ ಪಾತ್ರ ಹಿಟ್ಟಿನ ಗಿರಣಿಯ ಬೋರಲಿಂಗಯ್ಯನದು. ಬಾಡಿಗೆ ಸಿಂಹಾಸನದಲ್ಲಿ ಅವನ ದೇಹ ಹಿಡಿಸಲಿಲ್ಲ. ಉಸ್ತಾದರು ನನ್ನನ್ನೇ ಕೊಟ್ಟರು. ಮಖಮಲ್ಲು ಹೊದಿಸಿ ಚಿನ್ನದ ಕಾಗದ ಅಂಟಿಸಿದರು.

ಶಿಲಾಸುರ ಪ್ರವೇಶ ಮಾಡಿದ. ತೋಳುಗಳು ಒಗೆದು ಹಿಂಡದ ಪಂಚೆಯಂತೆ ನೇತಾಡುತ್ತಿದ್ದವು. ಹಾರ್ಮೋನಿಯಂ ಏರಿತು. ಹೇಗೋ ಕೈ ಮಡಚಿ ಎದೆಗೆ ಒಂದು ಏಟು ಕೊಟ್ಟುಕೊಂಡ. ಹಿಂದಿನ ದಿನದ ನೋವೆಲ್ಲ ಒಟ್ಟಿಗೇ ಎದ್ದಿತು. ಅವನು ಹೊರಡಿಸಿದ ಸದ್ದಿಗೆ ಮುಂದಿನ ಸಾಲಿನ ಮಗುವೊಂದು ಅತ್ತಿತು.

"ಒನ್ಸ್ ಮೋರ್," ಎಂದು ಸಭೆ ಕೂಗಿತು.

ರಾಕ್ಷಸ ದಯನೀಯವಾಗಿ ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿದ. ಅವರು ಆಗಲೇ ಮತ್ತೆ ಶುರು ಮಾಡಿದ್ದರು. ಇನ್ನೊಂದು ಏಟು, ಇನ್ನೊಂದು ಆರ್ತನಾದ. ಕಣ್ಣಲ್ಲಿ ನೀರು ಬಂತು, ಜನ ಅದನ್ನು ಕ್ರೋಧವೆಂದು ತಿಳಿದರು.

ಇನ್ನು ಗದೆ ಎತ್ತಿ ರಾಜನನ್ನು ಕೆಡವಬೇಕು. ಗದೆ ಸೊಂಟದ ಹತ್ತಿರವೇ ನಿಂತಿತು.

"ಎತ್ತಯ್ಯಾ," ಎಂದು ರಾಜ ಪಿಸುಗುಟ್ಟಿದ.

"ಕೈ ಮೇಲಕ್ಕೆ ಬರ್ತಿಲ್ಲ ಬೋರಣ್ಣ."

ಬೋರಲಿಂಗಯ್ಯ ಎಷ್ಟೋ ಸೋಮವಾರ ನನ್ನ ಮೇಲೆ ಮಲಗಿ ಎದ್ದವನು. ಆ ನೋವು ಅವನಿಗೆ ಹೊಸದಲ್ಲ. "ಎಲೈ ರಕ್ಕಸನೇ, ನಿನ್ನ ಗದೆಯ ಗಾಳಿಗೇ ನಾನು ಉರುಳಿದೆನು," ಎಂದು ಅಂಗಾತ ನನ್ನ ಮೇಲೆ ಬಿದ್ದ. ಚಪ್ಪಾಳೆಯೋ ಚಪ್ಪಾಳೆ. ಚಿಕ್ಕರಂಗಪ್ಪ ರಂಗದ ಮೇಲೆ ಬಂದು ಹೆಮ್ಮೆಯಿಂದ ಮಗನ ಎದೆಗೆ ಬಲವಾಗಿ ತಟ್ಟಿದ. ಅವತ್ತಿನ ದೊಡ್ಡ ಘರ್ಜನೆ ಅದೇ.

ವ್ಯಾಯಾಮ ಶಾಲೆಗೆ ಹೊಸ ಯಂತ್ರಗಳು ಬಂದ ಮೇಲೆ ಉಸ್ತಾದರು ನನ್ನನ್ನು ರಂಗಧಾಮನಿಗೆ ಕೊಟ್ಟರು. ಈಗ ಅವನ ಮನೆಯ ಪಡಸಾಲೆಯಲ್ಲಿದ್ದೇನೆ. ರೆಕ್ಸಿನ್ ಹರಿದಿದೆ, ಕೀಲು ಇಳಿಜಾರಿನಲ್ಲೇ ತುಕ್ಕು ಹಿಡಿದಿದೆ. ಚಿಕ್ಕರಂಗಪ್ಪನಿಗೆ ಒರಗಲು ಅದೇ ಅನುಕೂಲ. ಬಂದವರ ಮುಂದೆಲ್ಲ ಮಗನ ಘರ್ಜನೆಯನ್ನು ಹೊಗಳುತ್ತಾನೆ. ಮೊನ್ನೆ ರಂಗಧಾಮನಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಅದು ಅಭಿನಯ ಅಲ್ಲ. ಹಿಂದಿನ ದಿನ ಕಸರತ್ತು ಜಾಸ್ತಿ ಆಗಿತ್ತು. ನೋವಿಗೆ ಕಿರುಚ್ಕೊಂಡೆ."

ಮುದುಕ ಒರಗಿದಲ್ಲಿಂದಲೇ ಮಗನ ಕಡೆ ತಿರುಗಿದ. "ನಂದು ಅಭಿನಯ ಅಂದ್ಕೊಂಡಿದ್ಯಾ? ನಾನೂ ಹಿಂದಿನ್ ದಿನ ಗರಡೀಲಿ ಕತ್ಲಾಗೋ ತನ್ಕ ದಂಡ ಹೊಡ್ದಿದ್ದೆ. ನಾಟ್ಕಕ್ಕೆ ನಮ್ಮಪ್ಪ ಬತ್ತೀನಿ ಅಂದಿದ್ದ."

ಇಬ್ಬರೂ ನಕ್ಕರು. ಮುದುಕನ ಬೆನ್ನು ನನ್ನ ಮೇಲೆ ತುಂಬ ಹೊತ್ತು ಕುಲುಕುತ್ತಿತ್ತು. ಎದೆಗೆ ಯಾವ ವ್ಯಾಯಾಮ ಒಳ್ಳೆಯದು, ಎಷ್ಟು ಮಾಡಬೇಕು, ಯಾವಾಗ ಬಿಡಬೇಕು, ಎಲ್ಲ ನನಗೆ ಗೊತ್ತು. ಆದರೆ ಅಪ್ಪ ನೋಡಲು ಬರುತ್ತಾನೆಂದರೆ ಯಾವ ಮಗನೂ ಅದನ್ನು ಕೇಳುವುದಿಲ್ಲ.