ಮೂರನೆಯ ಅವಯವ

ವಿಮಾ ಕಚೇರಿಯಿಂದ ನಿವೃತ್ತರಾದ ವೆಂಕಟಸುಬ್ಬಯ್ಯನವರು ಬೆನ್ಸನ್ ಟೌನಿನ ಮನೆಯಲ್ಲಿ ಏಳು ವರ್ಷ ಕುಳಿತು ಒಂದು ಗ್ರಂಥ ರಚಿಸಿದ್ದರು. ಭೌತಜಗತ್ತಿನ ನಿಯಮಗಳನ್ನೆಲ್ಲ ಕಣ್ಣು ತೆರೆಯದೆ, ಕೇವಲ ತರ್ಕದಿಂದ ಸಾಧಿಸಬಹುದೆಂಬುದು ಅದರ ಪ್ರತಿಜ್ಞೆ. ಭಗವಂತನು ಬುದ್ಧಿಯನ್ನು ಕರುಣಿಸಿರುವಾಗ ಪ್ರಯೋಗಶಾಲೆಯ ಹಂಗೇಕೆ ಎಂದು ಅವರು ಕೇಳುತ್ತಿದ್ದರು. ಶಾಲೆಯಲ್ಲಿ ತಮಗೆ ವಿಜ್ಞಾನದಲ್ಲಿ ಮೂವತ್ತಾರು ಅಂಕ ಬಂದದ್ದನ್ನು ಮಾತ್ರ ಪೀಠಿಕೆಯಲ್ಲಿ ಸೇರಿಸಿರಲಿಲ್ಲ. ಆ ಸಂಜೆ ಹಲಸೂರಿನ ವಿದ್ವತ್ಸಭೆಯಲ್ಲಿ ಗ್ರಂಥದ ವಾಚನ. ಸಭೆ ಒಪ್ಪಿದರೆ ಅಚ್ಚಾಗುತ್ತದೆ. ಇಲ್ಲವಾದರೆ ಏಳು ವರ್ಷಗಳೂ ಅಟ್ಟ ಸೇರುತ್ತವೆ.

ಮಧ್ಯಾಹ್ನ ಬಡಿಸುತ್ತ ಹೆಂಡತಿ ವೇದಾ ಒಂದು ಸುದ್ದಿ ಹೇಳಿದರು. ಯಜಮಾನರ ಆರೋಗ್ಯ ನೆಟ್ಟಗಿದೆಯೇ ಎಂದು ಪಕ್ಕದ ಮನೆಯ ಉಮ್ಮೆ ಕುಲ್ಸುಂ ವಿಚಾರಿಸಿದರಂತೆ. ಬೆಳಿಗ್ಗೆ ಅವರು ಜಪ ಮುಗಿಸಿದವರೇ ತಾರಸಿಯಿಂದ ತೆಂಗಿನಕಾಯಿಯನ್ನೂ ನಿಂಬೆಹಣ್ಣನ್ನೂ ಜೋಡಿಯಾಗಿ ಕೆಳಗೆ ಬಿಡುತ್ತಿದ್ದುದು ಆಕೆಯ ಕಣ್ಣಿಗೆ ಬಿದ್ದಿತ್ತು.

ವೆಂಕಟಸುಬ್ಬಯ್ಯನವರು ಗಾಂಭೀರ್ಯದಿಂದ ವಿವರಿಸಿದರು. ಭಾರವಾದದ್ದೂ ಹಗುರವಾದದ್ದೂ ಒಟ್ಟಿಗೇ ನೆಲ ಮುಟ್ಟುತ್ತವೆಂದು ತರ್ಕದಿಂದ ಸಾಧಿಸಿಯಾಗಿದೆ. ಆದರೆ ನ್ಯಾಯಶಾಸ್ತ್ರದಲ್ಲಿ ತರ್ಕದಿಂದ ತೀರ್ಮಾನಿಸುವ ಅನುಮಾನಕ್ಕೆ ಐದು ಅವಯವಗಳು. ಮೂರನೆಯದು ಉದಾಹರಣೆ, ಅಂದರೆ ಎಲ್ಲರೂ ಕಂಡು ಒಪ್ಪಿದ್ದು. ಹೊಗೆಯಿಂದ ಬೆಂಕಿಯನ್ನು ಸಾಧಿಸುವವನೂ 'ಅಡುಗೆಮನೆಯಲ್ಲಿ ಕಂಡಂತೆ' ಎನ್ನಲೇಬೇಕು. ಅದಿಲ್ಲದೆ ಓದಿದರೆ ಸಭೆ ನಕ್ಕೀತು.

"ಕಣ್ಣೇ ಬೇಡ ಅಂತ ಬರೆದಿದ್ದೀರಿ. ಮತ್ತೆ ಮೂರು ಕಾಯಿ ಯಾಕ್ರೀ ಒಡೆದ್ರಿ?" ಎಂದರು ವೇದಾ.

"ಮೊದಲೆರಡು ಸಲ ನಿಂಬೆಹಣ್ಣು ಕೈಯಿಂದ ತಡವಾಗಿ ಜಾರಿತು."

"ಮೂರನೇ ಸಲಾನೂ ಒಟ್ಟಿಗೆ ಬೀಳದೇ ಇದ್ದಿದ್ರೆ ಪುಸ್ತಕ ತಿದ್ತಿದ್ರೋ, ಕಾಯಿನ ಬೈತಿದ್ರೋ?"

ಗ್ರಂಥದಲ್ಲಿ ಅವರು ನಲವತ್ತು ಮಂದಿ ಪ್ರತಿವಾದಿಗಳಿಗೆ ಮಣ್ಣು ಮುಕ್ಕಿಸಿದ್ದರು. ಎಲ್ಲರನ್ನೂ ತಾವೇ ಸೃಷ್ಟಿಸಿಕೊಂಡಿದ್ದರಿಂದ ಒಬ್ಬನಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕೈತೊಳೆದು ಬಂದು ಪ್ರತಿ ಅಧ್ಯಾಯದ ಮೂರನೆಯ ಅವಯವವನ್ನು ತೆರೆದು ನೋಡಿದರು. ಉಕ್ಕುವ ಹಾಲು, ಕಾದ ಸೌಟು, ತೂಗುವ ಉಯ್ಯಾಲೆ, ತುಳುಕುವ ಕೊಡ. ಕಣ್ಣು ಮುಚ್ಚಿ ಬರೆದವರ ಗ್ರಂಥದಲ್ಲಿ ಮನೆಯ ಪಾತ್ರೆಪಡಗವೆಲ್ಲ ಬಂದು ಕುಳಿತಿತ್ತು.

ಸಂಜೆ ಆಟೋದಲ್ಲಿ ಹಲಸೂರಿಗೆ ಹೊರಟರು. ಇದನ್ನು ಮುಚ್ಚಿಟ್ಟು ಓದಿದರೆ ಯಾರಿಗೂ ತಿಳಿಯದು ಎಂಬುದು ತಿಳಿದಿತ್ತು. ದೇವರ ಹೆಸರಿನಿಂದ ಆರಂಭಿಸಿದ ಗ್ರಂಥ ಎಂಬುದೂ ನೆನಪಿತ್ತು. ಸಭೆಯ ಮುಂದೆ ಮಂಗಳಶ್ಲೋಕ ಹೇಳಿ ಹಸ್ತಪ್ರತಿಯನ್ನು ಮಡಚಿದರು.

"ನನ್ನ ಪ್ರತಿಜ್ಞೆ ಬಿದ್ದುಹೋಗಿದೆ. ಬೀಳಿಸಿದವರು ನಮ್ಮ ಮನೆಯವರು. ಕಂಡದ್ದನ್ನು ತರ್ಕ ಕಟ್ಟಿಕೊಡುತ್ತದೆ, ತಾನೇ ಕಾಣಲಾರದು," ಎಂದು ಹೇಳಿ ಕುಳಿತರು.

ಏಳು ವರ್ಷದ ವಾದವನ್ನು ಉಳಿಸಲು ಯಾರಾದರೂ ಒಬ್ಬರು ಎದ್ದಾರೆಂದು ತುಸು ಹೊತ್ತು ಕಾದರು. ಸಭೆಯೇನೋ ಎದ್ದಿತು, ಒಕ್ಕೊರಲಿನಿಂದ ಮೆಚ್ಚಿತು: ಅಲ್ಲಿ ಅದುವರೆಗೆ ಯಾರ ಉಪನ್ಯಾಸವೂ ಕಾಫಿ ಆರುವ ಮೊದಲು ಮುಗಿದಿರಲಿಲ್ಲ.