ಗೈದರ್ಸ್‌ಬರ್ಗ್ ತಂಡದ ಅದಲುಬದಲು

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಕನ್ನಡಿಗರ ತಂಡ ಆಡುತ್ತಿದ್ದದ್ದು ಬೇಸ್‌ಬಾಲಿನ ತಮ್ಮನಂತಿರುವ ಸಾಫ್ಟ್‌ಬಾಲ್. ಕೇಳಿದವರಿಗೆಲ್ಲ ಬೇಸ್‌ಬಾಲ್ ಎಂದೇ ಹೇಳುತ್ತಿದ್ದೆವು. ತಂಡ ಕಟ್ಟಿದವನು ನಾನು, ರಘುಪತಿ. ಚೆಂಡು ಎಸೆಯುವವನೂ ನಾನೇ. ನನ್ನ ಹೆಂಡತಿ ವಿನೋದಾ ಮೈದಾನದಲ್ಲಿ ಎರಡನೇ ಬೇಸ್ ಕಾಯುತ್ತಿದ್ದಳು. ನಾಲ್ಕು ವರ್ಷ ಆಡಿದೆವು, ನಾಲ್ಕು ವರ್ಷವೂ ಹತ್ತಿರದ ಊರಾದ ಶ್ಯಾಂಟಿಲಿಯ ಕನ್ನಡಿಗರ ಕೈಯಲ್ಲಿ ಚೆನ್ನಾಗಿ ಒದೆ ತಿಂದೆವು.

ಚಳಿಗಾಲದಲ್ಲಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿ ತಂದವನೂ ನಾನೇ. ಟಿವಿಯಲ್ಲಿ ಅಟ್ಲಾಂಟಾ ಬೇಸ್‌ಬಾಲ್ ತಂಡದ ಆಟ ನೋಡಿ ನೋಡಿ ಹತ್ತಿದ ಹುಚ್ಚು ಅದು. ದೊಡ್ಡ ತಂಡಗಳು ಮಾಡುವುದಾದರೆ ನಾವೇಕೆ ಮಾಡಬಾರದು? ಎರಡೂ ತಂಡದವರು ಕೈ ಎತ್ತಿ ಒಪ್ಪಬೇಕು, ಯಾರನ್ನು ಕೊಡುತ್ತೇವೋ ಅವರಿಗೆ ಓಟಿಲ್ಲ. ಈ ನಿಯಮ ಮಾಡಿದ ಮಹಾ ಬುದ್ಧಿವಂತನೂ ನಾನೇ.

ತೊಂಬತ್ತೇಳರ ಜನವರಿಯ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸಭೆ. ವಿನೋದಾ ಮಾಡಿದ ಬಿಸಿಬೇಳೆಬಾತನ್ನು ಎಲ್ಲರೂ ಗಡದ್ದಾಗಿ ಹೊಡೆದರು. ಆಮೇಲೆ ಕ್ಯಾಪ್ಟನ್ ಕೇಶವಮೂರ್ತಿ ಗಂಟಲು ಸರಿಮಾಡಿಕೊಂಡ. ಈ ಮನುಷ್ಯ ಅಮೆರಿಕಕ್ಕೆ ಬಂದಿಳಿದಾಗ ಕಾರು ಓಡಿಸಲು ಕಲಿಸಿದವನು ನಾನು.

"ಶ್ಯಾಂಟಿಲಿಯವರು ಅಭಿಷೇಕ್‌ನ ಕೊಡ್ತಾರಂತೆ" ಎಂದ.

ಅಭಿಷೇಕ್ ಇಪ್ಪತ್ತನಾಲ್ಕರ ಹುಡುಗ. ಅವನು ಎಸೆದ ಚೆಂಡು ನಮ್ಮಲ್ಲಿ ಅರ್ಧ ಜನಕ್ಕೆ ಕಾಣುತ್ತಲೇ ಇರಲಿಲ್ಲ.

"ಸುಮ್ನೆ ಕೊಡ್ತಾರಾ? ಯಾರನ್ನ ಕೇಳ್ತಿದಾರೆ?" ಎಂದೆ ಖುಷಿಯಿಂದ.

ಕೇಶವಮೂರ್ತಿ ತಟ್ಟೆ ನೋಡುತ್ತಾ ಹೇಳಿದ: "ನಿನ್ನನ್ನೇ ರಘು. ಅವರಲ್ಲಿ ಆಡೋರಿದಾರೆ, ಟೀಮ್ ನಡೆಸೋರಿಲ್ವಂತೆ. ಪರ್ಸನಲ್ ಆಗಿ ತಗೋಬೇಡಪ್ಪ. ಟೀಮ್ ಫ್ಯೂಚರ್ ನೋಡ್ಬೇಕಲ್ವಾ?"

ಮೈ ಉರಿದುಹೋಯಿತು. ನನ್ನ ಮನೆಯಲ್ಲಿ ಉಂಡು, ನನ್ನ ಸೋಫಾದ ಮೇಲೆ ಕೂತು ನನ್ನನ್ನೇ ಸಾಗಹಾಕುವ ಮಾತು!

"ಎಂಥ ಫ್ಯೂಚರಯ್ಯಾ? ಆ ಹುಡುಗ ಇನ್ನೂ ಎಚ್-ಒನ್ ವೀಸಾದಲ್ಲಿದಾನೆ. ಜೂನ್‌ನಲ್ಲಿ ಅವನ ಕಂಪನಿಯವರು ಅಷ್ಟು ದೂರದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ಗೆ ಕಳಿಸಿದ್ರೆ ಏನ್ಮಾಡ್ತೀಯ? ನಂಗೆ ಗ್ರೀನ್ ಕಾರ್ಡ್ ಇದೆ, ಮನೆ ಇಲ್ಲೇ ಇದೆ. ನಾನೇ ಕಣೋ ನಿಮ್ಮ ಫ್ಯೂಚರ್!"

ವಾದ ಸರಿಯಾಗಿತ್ತು. ಇವತ್ತಿಗೂ ಸರಿ ಎಂದೇ ಹೇಳುತ್ತೇನೆ.

"ಜೂನ್‌ವರೆಗಾದ್ರೂ ಗೆಲ್ತೀವಲ್ಲ" ಎಂದ ಕೇಶವಮೂರ್ತಿ, ಕೈ ಎತ್ತಲು ಹೇಳಿದ. ಪರವಾಗಿ ಎಷ್ಟು ಕೈಗಳೋ ವಿರುದ್ಧವಾಗಿಯೂ ಅಷ್ಟೇ. ಉಳಿದವಳು ವಿನೋದಾ ಒಬ್ಬಳೇ. ನನಗೆ ಹೋದ ಜೀವ ಬಂತು. ಕೈಹಿಡಿದ ಹೆಂಡತಿಯಲ್ಲವೇ, ಇನ್ನೇನು ಭಯ ಎಂದು ಹಿಂದಕ್ಕೆ ಒರಗಿದೆ.

ವಿನೋದಾ ನನ್ನನ್ನು ಕೊಡುವುದರ ಪರವಾಗಿ ಕೈ ಎತ್ತಿದಳು.

"ಸೋತೂ ಸೋತೂ ಸಾಕಾಗಿದೆ ರೀ" ಎಂದಳು. "ನಿಮ್ಮ ಭುಜದಲ್ಲಿ ಇನ್ನೇನೂ ಉಳಿದಿಲ್ಲ. ನಾನೂ ಒಂದ್ಸಲ ಗೆಲ್ಬೇಕು."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ಟೀಮ್ ಶರ್ಟ್ ಒಂದು ವಾಪಸ್ ಕೊಟ್ಬಿಡು ರಘು, ಹೊಸಬನಿಗೆ ಬೇಕು" ಎಂದ ಕೇಶವಮೂರ್ತಿ. ನಾನು ಏಳಲು ಹೋದರೆ ವಿನೋದಾ ತಡೆದಳು.

"ನೀವು ಕೂತ್ಕೊಳ್ಳಿ, ನಾನು ತರ್ತೀನಿ."

ಕೊನೆಯ ಆಟದ ಮಣ್ಣಿನ ಸಮೇತ ಮೂಲೆಗೆ ಎಸೆದಿದ್ದ ಶರ್ಟು ಅದು. ಈಗ ಒಗೆದು, ಇಸ್ತ್ರಿ ಮಾಡಿ, ನೀಟಾಗಿ ಮಡಿಸಿದ್ದಳು. ಬಿಡಿಸಿ ನೋಡಿದೆ. ಬೆನ್ನಿನ ಮೇಲಿದ್ದ ನನ್ನ ಹೆಸರನ್ನು ಒಂದು ಎಳೆಯೂ ಉಳಿಯದಂತೆ ಬಿಚ್ಚಿ, ಅದೇ ಜಾಗದಲ್ಲಿ ಅಭಿಷೇಕ್ ಎಂದು ಕೈಯಲ್ಲೇ ಹೊಲಿದಿದ್ದಳು.

ಸಭೆಯ ಹಿಂದಿನ ವಾರವಿಡೀ ಅವಳು ಸೋಫಾದಲ್ಲಿ ಕೂತು ಏನೋ ಹೊಲಿಯುತ್ತಿದ್ದಳು. ಕಣ್ಣು ಮಂಜಾಗುತ್ತೆ ಎಂದಾಗಲೆಲ್ಲ ಸೂಜಿಗೆ ದಾರ ಪೋಣಿಸಿ ಕೊಟ್ಟವನು ನಾನು.